ಬೈಕ್ ಬ್ಯಾಟರಿ ರಾತ್ರೋರಾತ್ರಿ ಡೌನ್ ಆಗುತ್ತಿದ್ದರೆ ತಪ್ಪು ಹುಡುಕುವ ಕ್ರಮ

ಸಂಜೆ ಸರಿಯಾಗಿ ಸ್ಟಾರ್ಟ್ ಆದ ಗಾಡಿ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬರೀ ‘ಟಕ್ ಟಕ್’ ಅನ್ನುತ್ತಿದ್ದರೆ ಎಲ್ಲರ ಮೊದಲ ಅನುಮಾನ ‘ಎಲ್ಲೋ ಕರೆಂಟ್ ಲೀಕ್ ಆಗ್ತಿದೆ’ ಎಂದೇ. ವೈರಿಂಗ್ ಬಿಚ್ಚಿಸುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಬ್ಯಾಟರಿ 4 ಎ.ಎಚ್.ನದು (ಆಂಪಿಯರ್-ಅವರ್, ಅಂದರೆ ಎಷ್ಟು ಆಂಪನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಎಂದುಕೊಳ್ಳೋಣ; ನಿಮ್ಮದೆಷ್ಟು ಎಂಬುದು ಅದರ ಮೈಮೇಲೇ ಬರೆದಿರುತ್ತದೆ. ಅದು 10 ಗಂಟೆಯಲ್ಲಿ ಪೂರ್ತಿ ಖಾಲಿಯಾಗಬೇಕಾದರೆ ಬಿಡದೆ 400 ಮಿಲಿಆಂಪ್ ಹರಿಯಬೇಕು. 5 ವ್ಯಾಟಿನ ಪೈಲಟ್ ಬಲ್ಬ್ ಇಡೀ ರಾತ್ರಿ ಉರಿದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. 30 ಮಿಲಿಆಂಪ್ ಎಳೆಯುವ ಜಿಪಿಎಸ್ ಟ್ರ್ಯಾಕರ್ ಅದೇ 10 ಗಂಟೆಯಲ್ಲಿ ತಿನ್ನುವುದು 0.3 ಎ.ಎಚ್. ಮಾತ್ರ. ಚೆನ್ನಾಗಿರುವ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಒಂದೇ ರಾತ್ರಿಗೆ ಡೌನ್ ಆಗುತ್ತಿದೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಬ್ಯಾಟರಿಯನ್ನೇ, ಆಮೇಲೆ ಚಾರ್ಜಿಂಗನ್ನು. ಲೀಕ್‌ನದು ಕೊನೆಯ ಸರದಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್.

ಮೊದಲು ಟರ್ಮಿನಲ್ ನೋಡಿ. ಬೋಲ್ಟ್ ಸಡಿಲವಿದ್ದರೆ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬ್ಯಾಟರಿ ತುಂಬಿದ್ದರೂ ಸೆಲ್ಫ್ ತಿರುಗುವುದಿಲ್ಲ, ಚಾರ್ಜೂ ಸರಿಯಾಗಿ ಒಳಗೆ ಹೋಗುವುದಿಲ್ಲ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ನೆಗೆಟಿವ್ ಜೋಡಿಸಿರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿತೋ, ನೇರ ಶಾರ್ಟ್. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯೊಳಗೆ ಬೀಳದಂತೆ ಜೋಪಾನ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ನೀರಿನ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಕಮ್ಮಿಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಅಲ್ಲ, ನಲ್ಲಿ ನೀರಂತೂ ಬೇಡವೇ ಬೇಡ.

ಇನ್ನು ಮುಖ್ಯ ಪರೀಕ್ಷೆ. ಅರ್ಧ ಸಮಸ್ಯೆ ಇದರಲ್ಲೇ ಬಗೆಹರಿಯುತ್ತದೆ, ಆದರೂ ಇದನ್ನು ಮಾಡುವವರು ಕಮ್ಮಿ. ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ. ಎ.ಎಚ್.ನ ಹತ್ತರಲ್ಲಿ ಒಂದು ಪಾಲು ಕರೆಂಟ್ ಸಾಕು: 4 ಎ.ಎಚ್.ಗೆ 0.4 ಆಂಪ್, 10–12 ಗಂಟೆ. ಕಾರಿನ ಚಾರ್ಜರ್ ಹಾಕಿ ಒಂದು ಗಂಟೆಯಲ್ಲಿ ಮುಗಿಸಲು ಹೋದರೆ ಬ್ಯಾಟರಿ ಕುದಿಯುತ್ತದೆ. ಚಾರ್ಜರ್ ತೆಗೆದು ಎರಡು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. ತೆಗೆದ ತಕ್ಷಣ ಕಾಣುವ 13 ಚಿಲ್ಲರೆ ವೋಲ್ಟನ್ನು ನಂಬಬೇಡಿ, ಅದು ಮೇಲುಮೇಲಿನ ಚಾರ್ಜ್. ತಣ್ಣಗಾದ ಮೇಲೆ 12.7 ಅಥವಾ ಮೇಲಿರಬೇಕು. ಈಗ ನೆಗೆಟಿವ್ ವೈರ್ ಜೋಡಿಸದೆ ಹಾಗೇ ಬಿಟ್ಟು ಮಲಗಿ.

ಬೆಳಿಗ್ಗೆಯೂ 12.7ರ ಆಸುಪಾಸಿನಲ್ಲೇ ಇದ್ದರೆ ಬ್ಯಾಟರಿ ತನ್ನಷ್ಟಕ್ಕೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿದೆ. 12.4ಕ್ಕಿಂತ ಕೆಳಗೆ ಬಿದ್ದಿದ್ದರೆ ಒಂದು ವೈರೂ ಸೇರದೆ ಅದು ಒಳಗೇ ಖಾಲಿಯಾಗಿದೆ, ಬದಲಾಯಿಸಲೇಬೇಕು. 10.5ರ ಹತ್ತಿರ ತೋರಿಸಿದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ವೋಲ್ಟೇಜ್ ಚೆನ್ನಾಗಿದ್ದರೂ ಕೆಪ್ಯಾಸಿಟಿ ಹೋಗಿರಬಹುದು. ಹಾಗಾಗಿ ವೈರ್ ಜೋಡಿಸಿ, ಮೀಟರನ್ನು ಟರ್ಮಿನಲ್ ಮೇಲೆ ಹಿಡಿದು ಸೆಲ್ಫ್ ಒತ್ತಿ. ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಪ್ಲೇಟುಗಳಲ್ಲಿ ಸತ್ವವಿಲ್ಲ. ಅರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಬಿಟ್ಟ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಎಷ್ಟು ಚಾರ್ಜ್ ಮಾಡಿದರೂ ಅದು ಸರಿಯಾಗಿ ಮರಳುವುದಿಲ್ಲ.

ಬ್ಯಾಟರಿ ಪಾಸಾಯಿತೇ? ಎಂಜಿನ್ ಸ್ಟಾರ್ಟ್ ಮಾಡಿ, ಮೀಟರನ್ನು 20 ವೋಲ್ಟ್ ಡಿಸಿಯಲ್ಲಿಟ್ಟು 4000–5000 ಆರ್‌ಪಿಎಂವರೆಗೆ ರೇಸ್ ಕೊಡಿ. 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿಯಿದೆ. 13 ದಾಟದಿದ್ದರೆ ರಾತ್ರಿ ಖಾಲಿಯಾಗುತ್ತಿಲ್ಲ, ಹಗಲು ತುಂಬುತ್ತಲೇ ಇಲ್ಲ. 15 ದಾಟಿದರೆ ಆರ್‌ಆರ್ ಯೂನಿಟ್, ಅಂದರೆ ಎಂಜಿನ್ ಕಡೆಯಿಂದ ಬರುವ ಎಸಿ ಕರೆಂಟನ್ನು ಡಿಸಿ ಮಾಡಿ ಮಿತಿಯಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್, ಹೋಗಿದೆ. ಹಾಗೇ ಓಡಿಸಿದರೆ ಹೊಸ ಬ್ಯಾಟರಿಯೂ ಒಣಗಿ ಹಾಳಾಗುತ್ತದೆ. ಚಾರ್ಜ್ ಕಮ್ಮಿಯಿದ್ದರೆ ಮೊದಲು ಆರ್‌ಆರ್ ಯೂನಿಟ್‌ನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಎಳೆದು ನೋಡಿ. ಪಿನ್ ಸುಟ್ಟು ಕಂದುಬಣ್ಣಕ್ಕೆ ತಿರುಗಿರುವುದು ಅಪರೂಪವಲ್ಲ. ಮೂರು ಹಳದಿ ವೈರಿನ ಗಾಡಿಗಳಲ್ಲಿ ಆ ಕಪ್ಲರ್ ಬಿಚ್ಚಿ, ಎಂಜಿನ್ ಓಡುವಾಗ ಎರಡೆರಡು ವೈರಿನ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. ಮೀಟರ್ 200 ವೋಲ್ಟ್ ಎಸಿಯಲ್ಲಿರಲಿ, ವೈರಿಗೆ ಬರಿಗೈ ತಾಗಿಸಬೇಡಿ. ಮೂರು ಜೋಡಿಯಲ್ಲೂ ಒಂದೇ ಸಮ ಬರಬೇಕು. ಒಂದು ಜೋಡಿ ಕಮ್ಮಿ ಬಂದರೆ, ಅಥವಾ ಎಂಜಿನ್ ಆಫ್ ಮಾಡಿ ನೋಡಿದಾಗ ಯಾವುದೇ ಹಳದಿ ವೈರಿಗೂ ಚಾಸಿಗೂ ಕಂಟಿನ್ಯುಟಿ (ಕರೆಂಟ್ ಹರಿಯುವ ದಾರಿ) ಸಿಕ್ಕರೆ ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ ಸುಟ್ಟಿದೆ.

ಮೀಟರ್ ಎಲ್ಲ ಸರಿ ಎಂದರೂ ಓಡಾಟದ ರೀತಿ ನೋಡಿ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ಲೈಟ್ ಉರಿಯುತ್ತದೆ. 35 ವ್ಯಾಟ್ ಬಲ್ಬ್ ಎಂದರೆ ಸುಮಾರು 3 ಆಂಪ್. ಎರಡು ಕಿಲೋಮೀಟರ್ ಟ್ರಾಫಿಕ್‌ನಲ್ಲಿ ತೆವಳಿ ಹತ್ತು ಸಲ ಸೆಲ್ಫ್ ಹೊಡೆದರೆ ತೆಗೆದಷ್ಟು ಮರಳಿ ತುಂಬುವುದಿಲ್ಲ. ಬ್ರೇಕ್ ಸ್ವಿಚ್ ಸಿಕ್ಕಿಕೊಂಡು ಹಿಂದಿನ ಲೈಟ್ ಸದಾ ಉರಿಯುತ್ತಿದ್ದರಂತೂ ಇನ್ನೂ ಕಷ್ಟ. ಕಿಕ್ಕರ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್ ಕಿಕ್ಕರ್‌ನಲ್ಲೇ ಆಗಲಿ.

ಇಷ್ಟೆಲ್ಲ ಸರಿಯಿದ್ದರೆ ಈಗ ಲೀಕ್ ಹುಡುಕಿ. ಕೀ ಆಫ್ ಮಾಡಿ, ತೆಗೆದುಬಿಡಿ. ಕೆಲವು ಗಾಡಿಗಳಲ್ಲಿ ಲಾಕ್ ದಾಟಿ ‘ಪಿ’ಗೆ ತಿರುಗಿದರೆ ಪಾರ್ಕಿಂಗ್ ಲೈಟ್ ಉರಿಯುತ್ತಿರುತ್ತದೆ, ಅದನ್ನು ಮೊದಲು ಗಮನಿಸಿ. ನೆಗೆಟಿವ್ ವೈರ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಒಂದು ಮುಳ್ಳು ಬಿಚ್ಚಿದ ವೈರಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. 200 ಮಿಲಿಆಂಪ್‌ಗಿಂತ ಕಮ್ಮಿ ಎಂದು ಖಾತ್ರಿಯಾದ ಮೇಲೆ ಮಾತ್ರ ಸಣ್ಣ ರೇಂಜಿಗೆ ಬನ್ನಿ. ಮೀಟರ್ ಹೀಗೆ ನಡುವೆ ಇರುವಾಗ ಕೀ ಆನ್ ಮಾಡುವುದಾಗಲಿ, ಸೆಲ್ಫ್ ಒತ್ತುವುದಾಗಲಿ ಕೂಡದು. ಅಗ್ಗದ ಹಳದಿ ಮೀಟರುಗಳ 10 ಆಂಪ್ ತೂತಿಗೆ ಫ್ಯೂಸೇ ಇರುವುದಿಲ್ಲ, ಮೀಟರೇ ಸುಡುತ್ತದೆ.

ಡಿಜಿಟಲ್ ಸ್ಪೀಡೋಮೀಟರಾಗಲಿ ಇಸಿಯು (ಎಂಜಿನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಆಗಲಿ ಇಲ್ಲದ ಹಳೇ ಗಾಡಿಯಲ್ಲಿ ಸೊನ್ನೆಯೇ ಇರಬೇಕು. ಗಡಿಯಾರ, ಇಸಿಯು ಇರುವ ಗಾಡಿಯಲ್ಲಿ ಕೆಲವು ಮಿಲಿಆಂಪ್ ಸಹಜ. ಇಸಿಯು ಮಲಗಲು ಐದು–ಹತ್ತು ನಿಮಿಷ ಕಾದು ಓದಿ. ಹೆಚ್ಚಿದ್ದರೆ ಮೀಟರ್ ನೋಡುತ್ತಲೇ ಒಂದೊಂದೇ ಕಳಚಿ: ಮೊದಲು ಆಮೇಲೆ ಹಾಕಿಸಿದ್ದೆಲ್ಲ, ಅಂದರೆ ಬ್ಯಾಟರಿಗೆ ನೇರ ಕೊಟ್ಟ ಮೊಬೈಲ್ ಚಾರ್ಜರ್, ಅಲಾರಂ, ಫಾಗ್ ಲೈಟ್ ರಿಲೇ. ನಂತರ ಆರ್‌ಆರ್ ಕಪ್ಲರ್. ಅದನ್ನು ಕಳಚಿದೊಡನೆ ಕರೆಂಟ್ ಇಳಿದರೆ ಒಳಗಿನ ಡಯೋಡ್ ಲೀಕ್ ಇದೆ. ಆಮೇಲೆ ಇಗ್ನಿಷನ್ ಸ್ವಿಚ್ ಕಪ್ಲರ್. ಮಳೆಯಲ್ಲಿ ನಿಂತ ಅಥವಾ ಪ್ರೆಷರ್ ವಾಶ್ ಮಾಡಿಸಿದ ಗಾಡಿಯಲ್ಲಿ ಸ್ವಿಚ್‌ನೊಳಗೆ ನೀರು, ಕೊಳೆ ಸೇರಿ ಕೀ ಇಲ್ಲದೆಯೂ ಕರೆಂಟ್ ದಾಟುತ್ತದೆ. ಮೇನ್ ಫ್ಯೂಸ್ ತೆಗೆದರೂ ಮೀಟರ್ ಇಳಿಯದಿದ್ದರೆ ಉಳಿಯುವುದು ಸ್ಟಾರ್ಟರ್ ರಿಲೇ ಮತ್ತು ಬ್ಯಾಟರಿಗೇ ನೇರ ಕಟ್ಟಿದ ವೈರುಗಳು. ಆ ಚಾರ್ಜರ್, ಫಾಗ್ ಲೈಟ್‌ಗಳನ್ನು ಬೇಕೇ ಬೇಕೆಂದರೆ ಇಗ್ನಿಷನ್‌ನಿಂದ ಆನ್ ಆಗುವ ರಿಲೇ ಮೂಲಕ, ಪ್ರತ್ಯೇಕ ಫ್ಯೂಸ್ ಹಾಕಿಸಿ ಕೊಡಿ.

ಹೊಸ ಬ್ಯಾಟರಿ ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿಕೊಳ್ಳಿ. ಒಣ ಬ್ಯಾಟರಿಗೆ ಅಂಗಡಿಯಲ್ಲೇ ಆಸಿಡ್ ತುಂಬಿಸಿದರೆ ಅರ್ಧ ಗಂಟೆಯಾದರೂ ಬಿಟ್ಟು, ಮೊದಲ ಚಾರ್ಜನ್ನು ಪೂರ್ತಿ ಮಾಡಿಕೊಡಲು ಹೇಳಿ. ತುಂಬಿಸಿದ ಕೂಡಲೇ ಗಾಡಿಗೆ ಕೂರಿಸಿ ಕಳಿಸುವ ಅಂಗಡಿಯವರಿದ್ದಾರೆ, ಆತುರ ಪಡಬೇಡಿ. ಮೊದಲ ಚಾರ್ಜ್ ಅರ್ಧಕ್ಕೆ ನಿಂತ ಬ್ಯಾಟರಿಗೆ ತನ್ನ ಪೂರ್ತಿ ಕೆಪ್ಯಾಸಿಟಿ ಸಿಗುವುದೇ ಇಲ್ಲ.