ಐದಡಿಗೆ ಒಂದಿಂಚು ಕಡಿಮೆ: ನನ್ನ ಮೊದಲ ರೋಡ್ ಬೈಕ್ ಆರಿಸಿಕೊಂಡ ಬಗೆ

ನನ್ನ ಎತ್ತರ 150 ಸೆಂಟಿಮೀಟರ್. ಅಂದರೆ ನಾಲ್ಕಡಿ ಹನ್ನೊಂದಿಂಚು. ತೂಕ 46 ಕಿಲೋ. ಕೈಯಲ್ಲಿದ್ದ ದುಡ್ಡು ಹೆಲ್ಮೆಟ್, ಲೈಟು ಎಲ್ಲ ಸೇರಿ 45 ಸಾವಿರ. ಇಷ್ಟು ಹೇಳಿ ಬೆಂಗಳೂರಿನ ಯಾವುದೇ ಸೈಕಲ್ ಅಂಗಡಿಗೆ ಹೋದರೂ ಮೊದಲು ಹೊರಗೆ ಬರುವುದು ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್. ಅದಲ್ಲ, ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ಬೇಕು ಅಂದರೆ, "ಆಯ್ತು ಮೇಡಂ, ಇದನ್ನೇ ಸೀಟು ಇಳಿಸಿ ಕೊಡ್ತೀವಿ, ಆರಾಮಾಗಿ ಆಗುತ್ತೆ" ಅನ್ನುತ್ತಾರೆ.

ಸೀಟು ಇಳಿಸಿದರೆ ಕಾಲಿಗೆ ಪೆಡಲ್ ಸಿಗುತ್ತದೆ, ನಿಜ. ಕೈಗೆ ಬ್ರೇಕ್ ಸಿಗಬೇಕಲ್ಲ? ರೋಡ್ ಬೈಕ್‌ನಲ್ಲಿ ಮುಂದಕ್ಕೆ ಬಾಗಿ ಕೂರುತ್ತೇವೆ. ಸೀಟಿನಿಂದ ಬ್ರೇಕ್ ಲಿವರ್‌ಗೆ ದೂರ ಜಾಸ್ತಿಯಾದರೆ ಮೊಣಕೈ ನೆಟ್ಟಗೆ ಬಿಗಿಯುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ, ಸ್ವಲ್ಪ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬ್ರೇಕಿಗೆ ಬೆರಳ ತುದಿ ಮಾತ್ರ ತಾಗುತ್ತದೆ. ಹಾಗಾಗಿ ನಾನು ಸೈಕಲ್ ಹುಡುಕಿದ್ದು ಒಂದೇ ಲೆಕ್ಕದ ಮೇಲೆ: ನನ್ನ ಕೈ ಎಲ್ಲಿವರೆಗೆ ಹೋಗುತ್ತದೆ? ಎಷ್ಟು ಗೇರು, ಯಾವ ಬ್ರ್ಯಾಂಡು, ಎಷ್ಟು ಹಗುರ ಅನ್ನುವುದೆಲ್ಲ ಆಮೇಲೆ.

ಮೊದಲು ಮನೆಯಲ್ಲೇ ಅಳತೆ ತೆಗೆದುಕೊಂಡೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಸೀಟಿನಂತೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಗುರುತು ಹಾಕಬೇಕು. ನೆಲದಿಂದ ಆ ಗುರುತಿಗೆ ನನ್ನದು 68 ಸೆಂಟಿಮೀಟರ್ ಬಂತು. ಇದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ (ಪೆಡಲ್‌ಗಳ ಎರಡೂ ತೋಳು ಸೇರಿ ತಿರುಗುವ, ಫ್ರೇಮಿನ ಕೆಳಗಿನ ಅಚ್ಚು) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟಿರಬೇಕು ಅನ್ನುವ ಅಂದಾಜು ಸಿಗುತ್ತದೆ. ಟೂರ್ ಡಿ ಫ್ರಾನ್ಸ್ ಅನ್ನು ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಸೂತ್ರ ಇದು. ನನಗೆ ಬಂದದ್ದು 60 ಸೆಂಟಿಮೀಟರ್. ಭುಜದ ಎರಡು ಮೂಳೆಗಳ ನಡುವಿನ ಅಗಲವನ್ನೂ ತಂಗಿಯ ಕೈಲಿ ಅಳೆಸಿಕೊಂಡೆ, 35 ಸೆಂಟಿಮೀಟರ್. ಹ್ಯಾಂಡಲ್ ಸುಮಾರು ಅಷ್ಟೇ ಅಗಲ ಇದ್ದರೆ ಸಾಕು. ಅಂಗಡಿಯ ಬಹುತೇಕ ಸೈಕಲ್‌ಗಳಲ್ಲಿ ಇದ್ದದ್ದು 40 ಇಲ್ಲವೇ 42.

ಇನ್ನು ಫ್ರೇಮ್ ಅಳತೆ. ಎಸ್, ಎಕ್ಸ್‌ಎಸ್ ಅನ್ನುವ ಸ್ಟಿಕ್ಕರ್ ನಂಬಿ ಪ್ರಯೋಜನ ಇಲ್ಲ. ಒಂದು ಕಂಪನಿಯ ಎಕ್ಸ್‌ಎಸ್ ಇನ್ನೊಂದು ಕಂಪನಿಯ ಎಸ್‌ನಷ್ಟಿರುತ್ತದೆ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಜಿಯೊಮೆಟ್ರಿ ಪಟ್ಟಿ ಹಾಕಿರುತ್ತವೆ. ಅದರಲ್ಲಿ ನೋಡಬೇಕಾದದ್ದು ರೀಚ್ ಮತ್ತು ಸ್ಟ್ಯಾಕ್. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಮುಂದಿದೆ ಅನ್ನುವುದು ರೀಚ್. ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ನನ್ನ ಅಳತೆಗೆ ರೀಚ್ 370 ಮಿಲಿಮೀಟರ್ ಒಳಗೆ ಇರಲಿ ಅಂತ ಗೆರೆ ಹಾಕಿಕೊಂಡೆ. ಅದೊಂದು ಗೆರೆಗೇ ಪಟ್ಟಿಯಲ್ಲಿದ್ದ ಮುಕ್ಕಾಲು ಪಾಲು ಸೈಕಲ್ ಬಿದ್ದುಹೋದವು.

ಮೇಲಿನ ಕೊಳವೆಯ ಉದ್ದ, ಅಂದರೆ ಟಾಪ್ ಟ್ಯೂಬ್, ಅದನ್ನು ನೋಡಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಚಿಕ್ಕ ಫ್ರೇಮ್‌ಗಳಲ್ಲಿ ಸೀಟಿನ ಕೊಳವೆಯನ್ನು ಹೆಚ್ಚು ನೆಟ್ಟಗೆ ನಿಲ್ಲಿಸಿರುತ್ತಾರೆ. ದೊಡ್ಡ ಫ್ರೇಮ್‌ನಲ್ಲಿ 73 ಡಿಗ್ರಿ ಇದ್ದರೆ ಚಿಕ್ಕದರಲ್ಲಿ 74.5, 75 ಇರುತ್ತದೆ. ಒಂದು ಡಿಗ್ರಿ ನೆಟ್ಟಗಾದರೆ ಟಾಪ್ ಟ್ಯೂಬ್ ಕಾಗದದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಗಿಡ್ಡ ಕಾಣುತ್ತದೆ. ಆದರೆ ಮಂಡಿ ಸರಿಯಾದ ಜಾಗಕ್ಕೆ ಬರಲಿ ಅಂತ ಸೀಟನ್ನು ಹಿಂದಕ್ಕೆ ತಳ್ಳಿದ ಕೂಡಲೇ ಆ ಒಂದು ಸೆಂಟಿಮೀಟರ್ ವಾಪಸ್ ಬಂದು ಕೂರುತ್ತದೆ. ರೀಚ್ ಲೆಕ್ಕದಲ್ಲಿ ಈ ಆಟ ನಡೆಯುವುದಿಲ್ಲ.

ಕಂಪನಿಗಳು ಹೀಗೆ ಮಾಡುವುದಕ್ಕೂ ಕಾರಣ ಇದೆ. ರೋಡ್ ಬೈಕ್ ಚಕ್ರ 700ಸಿ, ಟೈರ್ ಸೇರಿ ಸುಮಾರು 67 ಸೆಂಟಿಮೀಟರ್ ವ್ಯಾಸ. ಆರಡಿ ಎತ್ತರದವರಿಗೂ ಅದೇ ಚಕ್ರ, ನನಗೂ ಅದೇ ಚಕ್ರ. ಫ್ರೇಮ್ ಗಿಡ್ಡ ಮಾಡುತ್ತಾ ಹೋದರೆ ಮುಂದಿನ ಚಕ್ರ ಕಾಲ್ಬೆರಳಿಗೆ ತಾಗುತ್ತದೆ. ಅಮೆರಿಕದಲ್ಲಿ ಜಾರ್ಜೀನಾ ಟೆರಿ ಅನ್ನುವ ಎಂಜಿನಿಯರ್ 1985ರಲ್ಲೇ ಕಂಪನಿ ಶುರು ಮಾಡಿ, ಹಿಂದೆ 700ಸಿ, ಮುಂದೆ 24 ಇಂಚಿನ ಚಿಕ್ಕ ಚಕ್ರ ಹಾಕಿ ಗಿಡ್ಡ ಹೆಂಗಸರಿಗೆ ಸೈಕಲ್ ಮಾಡಿಕೊಟ್ಟರು. ನೋಡಲು ವಿಚಿತ್ರ, ಆದರೆ ಕೈ ತಲುಪುತ್ತಿತ್ತು. ಜರ್ಮನಿಯ ಕ್ಯಾನ್ಯನ್ ಕಂಪನಿ ಚಿಕ್ಕ ಅಳತೆಗಳಲ್ಲಿ 650ಬಿ ಅನ್ನುವ, 700ಸಿಗಿಂತ ಚಿಕ್ಕ ಚಕ್ರ ಹಾಕಿ ನೋಡಿತು. ನನಗೂ ಆಸೆ ಆಯಿತು. ಆದರೆ ದೇವನಹಳ್ಳಿ ದಾಟಿ ಟೈರ್ ಹರಿದರೆ ಆ ಅಳತೆಯ ರೋಡ್ ಟೈರ್ ಎಲ್ಲಿಂದ ತರಲಿ? 700ಸಿ ಟೈರು, ಟ್ಯೂಬು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ. ಕಾಲ್ಬೆರಳು ತಾಗಿದರೂ ಪರವಾಗಿಲ್ಲ ಅಂತ ಅದಕ್ಕೇ ಅಂಟಿಕೊಂಡೆ.

ಹೆಂಗಸರ ಸೈಕಲ್ ಅನ್ನುವ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು. ತೈವಾನಿನ ಜೈಂಟ್ ಕಂಪನಿಯಲ್ಲಿ ಬಾನಿ ತು 2008ರಲ್ಲಿ ಹೆಂಗಸರಿಗಾಗಿಯೇ ಲಿವ್ ಅನ್ನುವ ಬ್ರ್ಯಾಂಡ್ ಶುರು ಮಾಡಿದರು. ಸ್ಪೆಷಲೈಸ್ಡ್ ಕಂಪನಿ 2019ರ ಹೊತ್ತಿಗೆ ಹೆಂಗಸರಿಗೆ ಬೇರೆ ಫ್ರೇಮ್ ಬೇಡ, ಒಂದೇ ಫ್ರೇಮಿಗೆ ಅಳತೆಗಳು ಜಾಸ್ತಿ ಇರಲಿ ಅನ್ನುವ ಕಡೆಗೆ ಹೋಯಿತು. ಎರಡರಲ್ಲಿ ಯಾರು ಸರಿ ಅಂತ ನನಗೆ ಜಗಳ ಇಲ್ಲ. ಗಿಡ್ಡ ಹೆಂಗಸು, ಗಿಡ್ಡ ಗಂಡಸು ಇಬ್ಬರಿಗೂ ಬೇಕಾದದ್ದು ಗಿಡ್ಡ ಫ್ರೇಮ್. ಬಣ್ಣ ಯಾವುದಾದರೂ ಇರಲಿ.

ಯಾರೂ ಹೇಳದೆ ಬಿಡುವ ಇನ್ನೊಂದು ವಿಷಯ ಕ್ರ್ಯಾಂಕ್, ಪೆಡಲ್ ಕೂರುವ ಆ ತೋಳು. ಅಗ್ಗದ ಸೈಕಲ್‌ಗಳಲ್ಲಿ ಎಲ್ಲ ಅಳತೆಗೂ 170 ಮಿಲಿಮೀಟರ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ನನ್ನ ಸೀಟಿನ ಎತ್ತರ 600 ಮಿಲಿಮೀಟರ್. ಅಂದರೆ ಕ್ರ್ಯಾಂಕ್ ಅದರ ಶೇಕಡಾ 28. ಸೀಟಿನ ಎತ್ತರ 750 ಇರುವ ಉದ್ದನೆಯವರು 172.5ರ ಕ್ರ್ಯಾಂಕ್ ತುಳಿದರೂ ಅವರಿಗೆ ಅದು ಶೇಕಡಾ 23 ಅಷ್ಟೇ. ನನ್ನ ಮಂಡಿ ಪ್ರತಿ ಸುತ್ತಿಗೂ ಹೊಟ್ಟೆಗೆ ಗುದ್ದುವಷ್ಟು ಮೇಲೆ ಬರುತ್ತಿತ್ತು. 165ಕ್ಕೆ ಬಂದರೆ ಬರೀ ಐದು ಮಿಲಿಮೀಟರ್ ವ್ಯತ್ಯಾಸ ಅಲ್ವಾ ಅನ್ನಿಸುತ್ತದೆ. ಆದರೆ ಪೆಡಲ್ ಮೇಲೆ ಬಂದಾಗ ಐದು ಕಡಿಮೆ, ಅದಕ್ಕೆ ತಕ್ಕಂತೆ ಸೀಟನ್ನು ಐದು ಏರಿಸುತ್ತೇವೆ, ಒಟ್ಟು ಒಂದು ಸೆಂಟಿಮೀಟರ್ ಜಾಗ ಮಂಡಿಗೆ ಸಿಗುತ್ತದೆ. ಕಾಲ್ಬೆರಳು ಚಕ್ರಕ್ಕೆ ತಾಗುವುದೂ ಕಡಿಮೆಯಾಗುತ್ತದೆ.

ಹುಡುಕಾಟ ಶುರುವಾಗಿದ್ದು ಡೆಕಾಥ್ಲಾನ್‌ನಿಂದ. ಅಲ್ಲಿ ರೋಡ್ ಬೈಕ್ ಹತ್ತಿ ನೋಡಲು ಬಿಡುತ್ತಾರೆ, ಯಾರೂ ಅವಸರ ಮಾಡುವುದಿಲ್ಲ. ಕೊಳ್ಳದಿದ್ದರೂ ಯಾವ ರೀಚ್‌ನಲ್ಲಿ ನನ್ನ ಭುಜ ಸಡಿಲ ಇರುತ್ತದೆ ಅಂತ ತಿಳಿದದ್ದು ಅಲ್ಲೇ. ಹೊಸದನ್ನೇ ಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆದರೂ ಹೊಸ ಸೈಕಲ್ ಕೊಂಡರೆ ಹ್ಯಾಂಡಲ್, ಕ್ರ್ಯಾಂಕ್ ಬದಲಾಯಿಸಲು ನನ್ನಲ್ಲಿ ದುಡ್ಡು ಉಳಿಯುತ್ತಿರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ.

ಚಿಕ್ಕ ಫ್ರೇಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಪರೂಪ. ಆದರೆ ಬಂದದ್ದು ಬೇಗ ಮಾರಾಟವೂ ಆಗುವುದಿಲ್ಲ, ಯಾಕೆಂದರೆ ಕೇಳುವವರೂ ಕಡಿಮೆ. ಸ್ವಲ್ಪ ಕಾದರೆ ಬೆಲೆ ತಾನಾಗಿ ಇಳಿಯುತ್ತದೆ. ಜೊತೆಗೆ ನನ್ನ ಗೆಳತಿಯೊಬ್ಬಳು ಇದ್ದಳು. ವಿಜಯಪುರದವಳು. ಆ ಕಡೆ, ಬಾಗಲಕೋಟೆ ಕಡೆ ಹುಡುಗಿಯರು ಶಾಲೆಗೆ ಹೋಗುವಾಗಲೇ ರೇಸ್ ಸೈಕಲ್ ಹತ್ತುತ್ತಾರೆ. ಅವಳೂ ಹಾಗೆ ಬೆಳೆದವಳು. "ಫೋಟೋ ನೋಡಿ ರೊಕ್ಕ ಕೊಡಬ್ಯಾಡವಾ, ಹತ್ತಿ ನೋಡು, ಬ್ರೇಕ್ ಹಿಡದು ನೋಡು" ಅಂದಳು. ಮಾರುವವರಿಗೆ ಮೊದಲೇ ಮೆಸೇಜ್ ಮಾಡಿ ಮಾಡೆಲ್, ವರ್ಷ ಕೇಳುತ್ತಿದ್ದೆ. ರೀಚ್ ಪಟ್ಟಿ ನೋಡಿ ಹೊಂದಿದರೆ ಮಾತ್ರ ಹೋಗುತ್ತಿದ್ದೆವು.

ಕೊನೆಗೆ ಸಿಕ್ಕಿದ್ದು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೊ ಕ್ಲಾರಿಸ್ ಗೇರ್, ಮುಂದೆ 50 ಮತ್ತು 34 ಹಲ್ಲಿನ ಗೇರ್ ಚಕ್ರ, ಹಿಂದೆ 11ರಿಂದ 32 ಹಲ್ಲಿನವು. ರೀಚ್ 366. ಗೆಳತಿ ಅದನ್ನು ತಲೆಕೆಳಗೆ ಮಾಡಿ ಪರೀಕ್ಷೆ ಮಾಡಿದ ರೀತಿ ನೋಡಬೇಕಿತ್ತು. ಕೊಳವೆಗಳು ಸೇರುವ ಬೆಸುಗೆಯ ಹತ್ತಿರ ಬಣ್ಣ ಬಿರುಕು ಬಿಟ್ಟಿದೆಯೇ ಅಂತ ಉಗುರು ಆಡಿಸಿ ನೋಡಿದಳು. ಚೈನ್ ಗೇಜ್ ಇಟ್ಟು ಸವೆತ ನೋಡಿದಳು. ಕ್ರ್ಯಾಂಕ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಳು. ರಿಮ್‌ನಲ್ಲಿ ಬ್ರೇಕ್ ಉಜ್ಜುವ ಜಾಗ ಒಳಗೆ ಬಾಗಿದೆಯೇ ಅಂತ ಬೆರಳಿಂದ ಸವರಿದಳು. ಸೀಟ್ ಪೋಸ್ಟ್ ಜಾಮ್ ಆಗಿಲ್ಲ, ಕೆಳಗಿನವರೆಗೂ ಇಳಿಯುತ್ತದೆ ಅಂತ ಖಾತ್ರಿ ಮಾಡಿಕೊಂಡಳು. ನಮ್ಮಂಥವರಿಗೆ ಇದು ಮುಖ್ಯ, ಕೆಲವು ಫ್ರೇಮ್‌ಗಳಲ್ಲಿ ಪೋಸ್ಟ್ ಬಾಟಲ್ ಸ್ಕ್ರೂಗೆ ತಾಗಿ ಅರ್ಧದಲ್ಲೇ ನಿಂತುಬಿಡುತ್ತದೆ. ಪೆಡಲ್ ಅಚ್ಚಿನ ಕೆಳಗಿದ್ದ ಫ್ರೇಮ್ ನಂಬರ್ ಬಿಲ್ಲಿನಲ್ಲಿದ್ದದ್ದಕ್ಕೆ ಹೊಂದಿತು. 29 ಸಾವಿರಕ್ಕೆ ಮಾತು ಮುಗಿಯಿತು.

ಅದನ್ನು ನೇರ ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. 90 ಮಿಲಿಮೀಟರ್‌ನ ಸ್ಟೆಮ್, ಅಂದರೆ ಹ್ಯಾಂಡಲನ್ನು ಮುಂದಕ್ಕೆ ಹಿಡಿದಿರುವ ತುಂಡು, ಅದನ್ನು ತೆಗೆಸಿ 70ರದ್ದು ಹಾಕಿಸಿದೆ. ಇನ್ನೂ ಗಿಡ್ಡ ಮಾಡಬಹುದಿತ್ತು, ಆದರೆ ಸ್ಟೆಮ್ ತೀರಾ ಗಿಡ್ಡವಾದರೆ ಹ್ಯಾಂಡಲ್ ಚುರುಕಾಗಿ ಅತ್ತಿತ್ತ ಎಳೆಯುತ್ತದೆ. 40ರ ಹ್ಯಾಂಡಲ್ ಹೋಗಿ 36ರದ್ದು ಬಂತು, ಬಾಗು ಕಡಿಮೆ ಇರುವುದು. 170ರ ಕ್ರ್ಯಾಂಕ್ ಹೋಗಿ 165 ಬಂತು. ಸೀಟು ನನ್ನ ಕೂರುವ ಮೂಳೆಯ ಅಗಲಕ್ಕೆ ತಕ್ಕದ್ದು. ಅದನ್ನು ಅಳೆಯಲು ದೊರಗು ರಟ್ಟಿನ ಮೇಲೆ ಗಟ್ಟಿ ಸ್ಟೂಲಿನಲ್ಲಿ ಕೂತು, ಬಿದ್ದ ಎರಡು ತಗ್ಗುಗಳ ನಡುವಿನ ದೂರ ನೋಡಿದರೆ ಸಾಕು. ಕೂಲಿ ಸೇರಿ ಹತ್ತು ಸಾವಿರದ ಆಸುಪಾಸು ಆಯಿತು. "ಅಕ್ಕಾ, ಇದೇ ದುಡ್ಡಲ್ಲಿ ಗೇರ್ ಸೆಟ್ ಮೇಲಿಂದು ಹಾಕ್ಬೋದಿತ್ತು" ಅಂತ ಮೆಕ್ಯಾನಿಕ್ ಹುಡುಗ ಗೊಣಗಿದ. ಎಂಟು ಗೇರಿನ ಕ್ಲಾರಿಸ್ ನನ್ನ ಕೈಗೆ ಸಿಕ್ಕರೆ ಸಾಕು, ಕೈಗೆ ಸಿಗದ ದುಬಾರಿ ಅಲ್ಟೆಗ್ರಾ ಗೇರ್ ಏನು ಮಾಡಲಿ?

ಬ್ರೇಕ್ ಲಿವರ್ ವಿಷಯ ಪೈಸೆ ಖರ್ಚಿಲ್ಲದ್ದು, ಆದರೆ ಅಂಗಡಿಯಲ್ಲಿ ಯಾರೂ ಮಾಡಿಕೊಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು. ಕೆಲವು ಲಿವರ್‌ಗಳಲ್ಲಿ ಹ್ಯಾಂಡಲ್ ಹತ್ತಿರಕ್ಕೆ ತರುವ ಸಣ್ಣ ಸ್ಕ್ರೂ ಇರುತ್ತದೆ, ಕೆಲವಕ್ಕೆ ರಬ್ಬರ್ ತುಂಡು ಸಿಕ್ಕಿಸುತ್ತಾರೆ. ಹ್ಯಾಂಡಲ್‌ನ ಕೆಳಗಿನ ಬಾಗನ್ನು ಹಿಡಿದು, ಎರಡು ಬೆರಳಲ್ಲಿ ಬ್ರೇಕ್ ಎಳೆದರೆ ಚಕ್ರ ನಿಲ್ಲಬೇಕು. ನನ್ನ ಪರೀಕ್ಷೆ ಅಷ್ಟೇ. ಇದು ಸುಮ್ನೆ ಅಲ್ಲ. ಬೆಂಗಳೂರಿನಲ್ಲಿ ರೋಡ್ ಬೈಕ್ ಕೊಂಡವರು ಒಂದಲ್ಲ ಒಂದು ದಿನ 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಹೋಗೇ ಹೋಗುತ್ತಾರೆ. ಏರುವುದು ದೊಡ್ಡದಲ್ಲ, 34ರ ಮುಂದಿನ ಹಲ್ಲು, 32ರ ಹಿಂದಿನ ಹಲ್ಲು ಇದ್ದರೆ ನಿಧಾನವಾಗಿ ಏರಿಬಿಡಬಹುದು. ಇಳಿಯುವಾಗ ತಿರುವಿನ ಮೇಲೆ ತಿರುವು, ಎದುರಿಗೆ ಕಾರು. ಲಿವರ್‌ನ ಮೇಲ್ತುದಿಯಿಂದ ಚಿಕ್ಕ ಕೈಯಲ್ಲಿ ಎಳೆದರೆ ಬಲವೇ ಬರುವುದಿಲ್ಲ. ಕೆಳಗಿನ ಬಾಗಿನಿಂದ ಎಳೆದರೆ ಲಿವರ್‌ನ ತುದಿ ಸಿಗುತ್ತದೆ, ಅರ್ಧ ಬಲಕ್ಕೇ ಸೈಕಲ್ ನಿಲ್ಲುತ್ತದೆ.

ಗಾಳಿಯ ವಿಷಯ ಹೇಳದಿದ್ದರೆ ಆಗದು. ರೋಡ್ ಬೈಕ್ ಕಂಡರೆ ಸಾಕು, ಟೈರಿಗೆ 100 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ತುಂಬಿಬಿಡುತ್ತಾರೆ. 46 ಕಿಲೋದ ನಾನು ಅದರ ಮೇಲೆ ಕೂತರೆ ಪ್ರತಿ ಕಲ್ಲೂ ಹಲ್ಲಿಗೆ ತಾಗುತ್ತದೆ. 28 ಮಿಲಿಮೀಟರ್ ಅಗಲದ ಟೈರಿಗೆ ನಾನು ಮುಂದೆ 50, ಹಿಂದೆ 55 ಹಾಕುತ್ತೇನೆ. ಸೈಕಲ್ ತೂಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ ಅಂತ ಗಂಡಸರು ಹೇಳುತ್ತಾರೆ. 75 ಕಿಲೋದವರಿಗೆ 10.5 ಕಿಲೋ ಸೈಕಲ್ ದೇಹದ ಶೇಕಡಾ 14. ನನಗೆ 23. ಫ್ಲೈಓವರ್ ಏರುವಾಗ ಆ ವ್ಯತ್ಯಾಸ ತಿಳಿಯುತ್ತದೆ. ಆದರೂ ಈ ಬಜೆಟ್‌ನಲ್ಲಿ ಒಂದು ಕಿಲೋ ಇಳಿಸುವ ಖರ್ಚಿಗೆ ಹ್ಯಾಂಡಲ್, ಕ್ರ್ಯಾಂಕ್ ಎರಡೂ ಬರುತ್ತವೆ.

ಉಳಿದದ್ದು ಸಣ್ಣಪುಟ್ಟ. ಫ್ರೇಮಿನ ತ್ರಿಕೋನ ಚಿಕ್ಕದು, ಎರಡು ದೊಡ್ಡ ಬಾಟಲ್ ಹಿಡಿಸುವುದಿಲ್ಲ. ಪಕ್ಕದಿಂದ ಎಳೆಯುವ ಬಾಟಲ್ ಕೇಜ್ ಹಾಕಿಸಿದ್ದೇನೆ. ಕಾಲ್ಬೆರಳು ಈಗಲೂ ಚಕ್ರಕ್ಕೆ ತಾಗುತ್ತದೆ, ತೀರಾ ನಿಧಾನವಾಗಿ ಯೂ ಟರ್ನ್ ಮಾಡುವಾಗ ಮಾತ್ರ. ಆಗ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ತಿರುವಿನ ಹೊರಗಡೆಯ ಕಾಲನ್ನು ಹಿಂದಕ್ಕೆ ಇಟ್ಟುಕೊಂಡರೆ ಆಯಿತು. ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್ ಶೂಗೆ ಇನ್ನೂ ಕೈ ಹಾಕಿಲ್ಲ, ನನ್ನ 35 ನಂಬರ್ ಪಾದಕ್ಕೆ ಸಿಗುವುದೇ ಕಷ್ಟ, ಚಪ್ಪಟೆ ಪೆಡಲ್ ಸಾಕಾಗಿದೆ. ತೆಗೆಸಿದ 40ರ ಹ್ಯಾಂಡಲ್ ಮತ್ತು 170ರ ಕ್ರ್ಯಾಂಕ್ ಅನ್ನು ಆರಡಿ ಹತ್ತಿರದ ಹುಡುಗನೊಬ್ಬ 2,500ಕ್ಕೆ ಖುಷಿಯಿಂದ ಒಯ್ದ. ಆ ದುಡ್ಡಿಗೆ ಗೇಜ್ ಇರುವ ಫ್ಲೋರ್ ಪಂಪ್ ಬಂತು.