ಕ್ರೌನ್ ಮೋಲ್ಡಿಂಗ್ ಕೊಯ್ಯುವಾಗ ಹೊಸಬರು ಎಡವುವುದೆಲ್ಲಿ?

ಗೋಡೆಯೂ ಸೀಲಿಂಗೂ ಕೂಡುವ ಕಡೆ ಕೂರಿಸುವ ಕ್ರೌನ್ ಮೋಲ್ಡಿಂಗ್ ಹೊಸಬರ ಕೈಯಲ್ಲಿ ಹಾಳಾಗುವುದು ಹೆಚ್ಚಾಗಿ ಅಳತೆಯಿಂದಲ್ಲ, ಪಟ್ಟಿಯನ್ನು ಮೈಟರ್ ಸಾ (ಬೇಕಾದ ಕೋನಕ್ಕೆ ತಿರುಗಿಸಿ ಕೊಯ್ಯುವ ಗರಗಸ ಯಂತ್ರ) ಮೇಲೆ ಇಡುವ ರೀತಿಯಿಂದ. ಈ ಪಟ್ಟಿ ಗೋಡೆಗೆ ಅಂಟಿಕೊಂಡಂತೆ ನಿಲ್ಲುವುದಿಲ್ಲ, ಓರೆಯಾಗಿ ಕೂರುತ್ತದೆ. ಆ ಓರೆ ಸಾಮಾನ್ಯವಾಗಿ ಗೋಡೆಯಿಂದ 38 ಡಿಗ್ರಿ, ಕೆಲವು ಪಟ್ಟಿಗಳಲ್ಲಿ 45. ಕೊಯ್ಯುವಾಗಲೂ ಅದೇ ಓರೆ ಇರಬೇಕು, ಆದರೆ ತಲೆಕೆಳಗಾಗಿ. ಯಂತ್ರದ ಹಿಂದಿನ ಆನಿಕೆಯನ್ನು ಗೋಡೆ ಎಂದೂ ಕೆಳಗಿನ ಹಾಸನ್ನು ಸೀಲಿಂಗ್ ಎಂದೂ ತಿಳಿಯಿರಿ. ಗೋಡೆಗೆ ತಾಗುವ ಅಂಚು ಮೇಲೆ ಬರುತ್ತದೆ, ಎಡಬಲವೂ ಅದಲುಬದಲಾಗುತ್ತದೆ. ಪಟ್ಟಿ ಒಂದೆರಡು ಡಿಗ್ರಿ ಜಾರಿದರೂ ಮೂಲೆ ಬಾಯಿ ಬಿಡುತ್ತದೆ. ಹಾಗಾಗಿ ಅದರ ಮುಂದೆ ಒಂದು ಮರದ ತುಂಡನ್ನು ಯಂತ್ರದ ಹಾಸಿನ ಮೇಲೆ ಬಿಗಿದು ಅಡ್ಡ ಕೊಡಿ. ಯಂತ್ರ ಚಿಕ್ಕದಾಗಿ ಪಟ್ಟಿಯನ್ನು ಮಲಗಿಸಿಯೇ ಕೊಯ್ಯಬೇಕಾದರೆ ನಿಲ್ಲಿಸಿ ಕೊಯ್ಯುವಾಗಿನ 45ರ ಕೊಯ್ತದ ಲೆಕ್ಕ ಮರೆತುಬಿಡಿ: 38ರ ಪಟ್ಟಿಗೆ, ಸರಿಯಾದ 90ರ ಮೂಲೆಗೆ, ಮೈಟರ್ (ಅಲಗು ಎಡಬಲಕ್ಕೆ ತಿರುಗುವ ಕೋನ) 31.6, ಬೆವೆಲ್ (ಅಲಗು ಪಕ್ಕಕ್ಕೆ ವಾಲುವ ಕೋನ) 33.9.

ಯಾವ ಕಡೆಗೆ ಕೊಯ್ಯಬೇಕೆಂಬ ಗೊಂದಲಕ್ಕೆ ಒಂದು ಗುರುತು ಸಾಕು. ಒಳಮೂಲೆಯಲ್ಲಿ ಗೋಡೆಯ ಕಡೆಯ ಅಂಚು ಉದ್ದ, ಹೊರಮೂಲೆಯಲ್ಲಿ ಸೀಲಿಂಗ್ ಕಡೆಯ ಅಂಚು ಉದ್ದ. ಅಳತೆ ಯಾವಾಗಲೂ ಗೋಡೆಯ ಕಡೆಯ ಅಂಚಿಗೇ. ಮೊದಲು ಒಂದಡಿ ಉದ್ದದ ತುಂಡುಗಳಲ್ಲಿ ನಾಲ್ಕೂ ಬಗೆಯ ಕೊಯ್ತ (ಒಳಮೂಲೆಯ ಎಡ, ಬಲ; ಹೊರಮೂಲೆಯ ಎಡ, ಬಲ) ಮಾಡಿ, ಹೆಸರು ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಆ ತುಂಡುಗಳು ಕೊನೆಯವರೆಗೂ ದಾರಿ ತೋರಿಸುತ್ತವೆ.

ಒಳಮೂಲೆಯಲ್ಲಿ ಎರಡು 45ರ ಕೊಯ್ತಗಳನ್ನು ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಮೂಲೆಗಳು ಸರಿಯಾಗಿ 90 ಇರುವುದು ಅಪರೂಪ, ಮರವೂ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಒಂದು ಪಟ್ಟಿಯನ್ನು ನೇರ ಕೊಯ್ದು ಮೂಲೆಗೆ ಮುಟ್ಟಿಸಿ. ಇನ್ನೊಂದನ್ನು ಒಳಮೂಲೆಯ 45ಕ್ಕೆ ಕೊಯ್ದು, ಕಾಣುವ ಅಂಚಿನ ಮೇಲೆ ಪೆನ್ಸಿಲ್ ಎಳೆದು, ಆ ಗೆರೆಯನ್ನೇ ಹಿಡಿದು ಕೋಪಿಂಗ್ ಸಾದಿಂದ (ತೆಳು ಅಲಗಿನ ಕೈಗರಗಸ) ಕತ್ತರಿಸಿ. ಗರಗಸ ಹಿಂದಕ್ಕೆ ವಾಲಿರಲಿ, ಹಿಂಬದಿಯ ಮರ ಹೆಚ್ಚು ಹೋಗಲಿ, ಮುಂದಿನ ಅಂಚೊಂದೇ ಮೊದಲ ಪಟ್ಟಿಗೆ ತಾಗಬೇಕು. ತಡೆಯುವ ಕಡೆ ದುಂಡು ಅರದಿಂದ ಉಜ್ಜಿ, ಮತ್ತೆ ಹಿಡಿದು ನೋಡಿ. ಇದು ನಿಧಾನದ ಕೆಲಸ, ಅವಸರಿಸಬೇಡಿ. ಹೊರಮೂಲೆಗೆ ಮಾತ್ರ ಮೈಟರ್ ಕೊಯ್ತವೇ ಬೇಕು. ಅಲ್ಲಿ ಕೋನ ಅಳೆದು, 180ರಿಂದ ಕಳೆದು ಅರ್ಧ ಮಾಡಿ: 91 ಇದ್ದರೆ 44.5. ಅಂಟು ಹಚ್ಚಿ ಸೇರಿಸಿ.

ಪಟ್ಟಿ ಕೂರುವ ಕೆಳ ಅಂಚಿಗೆ ಗೋಡೆಯುದ್ದಕ್ಕೂ ಗೆರೆ ಹಾಕದೆ ಮೊಳೆ ಹೊಡೆಯಬೇಡಿ. ಸೀಲಿಂಗ್ ಅಲೆಯಲೆಯಾಗಿದ್ದರೆ ಪಟ್ಟಿಯೂ ಅದನ್ನೇ ಹಿಂಬಾಲಿಸುತ್ತದೆ. ಉದ್ದನೆಯ ಪಟ್ಟಿಯನ್ನು ಒಂದೆರಡು ಮಿಲಿಮೀಟರ್ ಉದ್ದವೇ ಕೊಯ್ದು, ತುಸು ಬಾಗಿಸಿ ಒತ್ತಿ ಕೂರಿಸಿದರೆ ತುದಿಗಳು ಬಿಗಿಯಾಗುತ್ತವೆ. ಮೂಲೆಯಿಂದ ಒಂದಡಿಯವರೆಗೆ ಮೊಳೆ ಬೇಡ. ಪಕ್ಕದ ಪಟ್ಟಿ ಬರುವಾಗ ತುಸು ಮೇಲೆ ಕೆಳಗೆ ತಳ್ಳಲು ಅವಕಾಶವಿರಲಿ. ಗಾರೆ ಗೋಡೆಯಾದರೆ ತೂತು ಕೊರೆದು, ಪ್ಲಗ್ ಹಾಕಿ, ಸ್ಕ್ರೂ ಬಿಗಿಯಿರಿ. ಕೂದಲೆಳೆಯಷ್ಟು ಸಂದಿಗೆ ಬಣ್ಣ ಹಿಡಿಯುವ ಅಕ್ರಿಲಿಕ್ ಕಾಕ್ (ಸಂದಿ ತುಂಬುವ ಮೆತು ಪದಾರ್ಥ) ಸಾಕು, ಅಗಲ ಸಂದಿಯಲ್ಲಿ ಅದು ಒಣಗಿ ಬಿರಿಯುತ್ತದೆ. ಅಲ್ಲಿ ಪಟ್ಟಿ ಬಿಚ್ಚಿ ಮತ್ತೆ ಕೊಯ್ಯುವುದೇ ಸರಿ.