ಕಾರಿಲ್ಲದೆ ಲಿಸಿಯಾದ ಗೋರಿಗಳಿಗೆ

ಲಿಸಿಯಾ ಅಂದರೆ ಟರ್ಕಿಯ ನೈಋತ್ಯ ಕರಾವಳಿಯ ಪ್ರಾಚೀನ ಸೀಮೆ, ಬಂಡೆ ಕೊರೆದು ಮಾಡಿದ ಗೋರಿಗಳಿಗೆ ಹೆಸರುವಾಸಿ. ‘ಅಲ್ಲಿನ ಫೆತಿಯೆ ಊರಲ್ಲೇ ಇರೋ ಅಮಿಂತಾಸ್ ಗೋರಿ ನೋಡ್ಕೊಂಡು ಬಾ ಸಾಕು, ಒಳಗಿನ ಹಳ್ಳಿಗಳಿಗೆ ಕಾರಿಲ್ಲದೆ ಆಗೋ ಮಾತಲ್ಲ’ ಅಂದಿದ್ದರು ನಮ್ಮ ಗುಂಪಿನವರು. ಆಗಿದೆ ಸ್ವಾಮಿ. ಪಿನಾರಾ, ತ್ಲೋಸ್, ಸಿದಿಮಾ, ಕ್ಸಾಂಥೋಸ್, ಲೆತೂನ್: ಐದು ಪಾಳು ತಾಣ, ಆರು ದಿನ, ಬರೀ ಡೋಲ್ಮುಶ್ (ಅಲ್ಲಿನ ಶೇರ್ ಮಿನಿಬಸ್ಸು) ಮತ್ತು ಕಾಲು.

ಹಾಗಂತ ಮೊದಲ ಸಲವೇ ಆಗಲಿಲ್ಲ. ಹೋದ ಸಲ ಜುಲೈ. ಪಿನಾರಾ ತಿರುವಿನಲ್ಲಿ ಇಳಿದಾಗಲೇ ಹನ್ನೊಂದು ಗಂಟೆ, ಮುಂದೆ ಐದಾರು ಕಿಲೋಮೀಟರ್ ಏರು, ಕೈಯಲ್ಲಿ ಅರ್ಧ ಲೀಟರ್ ನೀರು. ಮಿನಾರೆ ಹಳ್ಳಿಯಲ್ಲಿ ಒಬ್ಬ ಅಜ್ಜನನ್ನು ‘ಮೆಜಾರ್?’, ಅಂದರೆ ಗೋರಿ ಎಲ್ಲಿ, ಅಂತ ಕೇಳಿದೆ. ನಮ್ಮ ಮಜಾರ್ ಶಬ್ದವೇ ತಾನೇ ಅನ್ನೋ ಜಂಬ. ಅಜ್ಜ ಕೈ ಹಿಡಿದು ಕರೆದುಕೊಂಡು ಹೋಗಿದ್ದು ಊರಿನ ಈಗಿನ ಸ್ಮಶಾನಕ್ಕೆ! ಯಾರದೋ ಸಮಾಧಿ ಮುಂದೆ ಅಂಗೈ ಚಾಚಿ ಪ್ರಾರ್ಥಿಸಿದ, ಸಂಕೋಚಕ್ಕೆ ನಾನೂ ನಿಂತೆ. ಕೇಳಬೇಕಾಗಿದ್ದು ‘ಕಾಯಾ ಮೆಜಾರೆ’, ಬಂಡೆಗೋರಿ. ಅಷ್ಟರಲ್ಲಿ ಬಿಸಿಲಿಗೆ ತಲೆ ತಿರುಗಿತ್ತು. ವಾಪಸ್ ಟ್ಯಾಕ್ಸಿಗೆ ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಹತ್ತಿರ ಕಿತ್ತುಕೊಂಡರು.

ಈ ಸಲ ಅಕ್ಟೋಬರ್, ಬೆಳಗಿನ ಮೊದಲ ಗಾಡಿ, ಎರಡು ಲೀಟರ್ ನೀರು. ಪಿನಾರಾದ ಬೆಟ್ಟ ಕಂಡಾಗ ನಡೆದದ್ದೆಲ್ಲ ಮರೆತುಹೋಯಿತು. ಕಡಿದಾದ ಗೋಡೆ ತುಂಬ ಪಾರಿವಾಳದ ಗೂಡಿನಂತೆ ನೂರಾರು ಚೌಕ ತೂತು, ಹತ್ತಲು ದಾರಿಯೇ ಇಲ್ಲ. ಕೆಳಗಿನ ಗೋರಿಗಳ ಹತ್ತಿರ ಕೂತು ನೋಡಿ: ತೊಲೆಯ ದುಂಡು ತುದಿ, ಚೌಕಟ್ಟಿನ ಕೀಲು, ಎಲ್ಲವೂ ಬಡಗಿಯ ಕೆಲಸ, ಆದರೆ ಕಲ್ಲಲ್ಲಿ. ಭಟ್ಕಳ, ಮೂಡುಬಿದಿರೆಯಲ್ಲಿ ಮರದ ಮಾದರಿಯಲ್ಲೇ ಕಟ್ಟಿದ ಕಲ್ಲಿನ ಗುಡಿ, ಬಸದಿ ನೋಡಿದವರಿಗೆ ಥಟ್ಟನೆ ಹೊಳೆಯುತ್ತದೆ.

ಕ್ಸಾಂಥೋಸ್ ಬಗ್ಗೆ ಹೆಚ್ಚೇನಿಲ್ಲ. ಒಳ್ಳೊಳ್ಳೆ ಶಿಲ್ಪಗಳನ್ನು 1840ರ ದಶಕದಲ್ಲೇ ಲಂಡನ್ನಿಗೆ ಸಾಗಿಸಿಬಿಟ್ಟಿದ್ದಾರೆ. ಅಲ್ಲಿನ ಹೆಸರಾದ ಕಂಬದ ಗೋರಿ, ಹಾರ್ಪಿ ಗೋರಿಯ ಮೇಲೆ ಈಗಿರೋದು ಆ ಶಿಲ್ಪಗಳ ಅಚ್ಚು ತೆಗೆದ ನಕಲು.

ಸಿದಿಮಾ ಬೇರೆಯೇ ಲೋಕ. ದೊದುರ್ಗಾ ಹಳ್ಳಿಯ ಮನೆ, ಹೊಲ, ಗೋರಿ ಎಲ್ಲ ಕಲಸುಮೇಲೋಗರ. ಒಂದು ಕಲ್ಲುಪೆಟ್ಟಿಗೆಯ ಪಕ್ಕ ಮೇಕೆ ಕಟ್ಟಿದ್ದರು. ಅದರ ಮೇಲಿನ ಗ್ರೀಕ್ ಬರಹ ಮಧ್ಯಾಹ್ನ ಬರೀ ಸವೆದ ಕಲ್ಲು. ನಮ್ಮ ವೀರಗಲ್ಲು ಓದುವ ಹಳೇ ಚಾಳಿ, ಮುಸ್ಸಂಜೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಅಡ್ಡಬೆಳಕು ಬಿಟ್ಟೆ. ಎರಡು ಸಾಲು ಎದ್ದು ನಿಂತವು! ಮೇಕೆಯವರು ನಾನು ನಿಧಿ ಹುಡುಕುತ್ತಿದ್ದೇನೆ ಅಂದುಕೊಂಡು ಗದರಿದರು, ಆಮೇಲೆ ಚಹಾ ಕೊಟ್ಟರು. ಆ ಸೀಮೆಯ ರೋಮನ್ ಕಾಲದ ಗೋರಿಗಳಲ್ಲಿ, ಬೇರೆ ಹೆಣ ಇಟ್ಟರೆ ಇಷ್ಟು ದಿನಾರಿ (ರೋಮನ್ ನಾಣ್ಯ) ದಂಡ ಎಂದು ಬರೆಯುವುದು ಮಾಮೂಲಿ. ನಮ್ಮ ಶಾಸನಗಳಾದರೆ ಕೆಡಿಸಿದವರ ಮೇಲೆ ವಾರಣಾಸಿಯಲ್ಲಿ ಕವಿಲೆ (ಹಸು) ಕೊಂದ ಪಾಪ ಹೊರಿಸುತ್ತವೆ. ಇವರದು ನಗದು ವ್ಯವಹಾರ.

ಓಡಾಟ, ಟಿಕೆಟ್, ಊಟ ಸೇರಿ ದಿನಕ್ಕೆ ಎರಡೂವರೆ ಸಾವಿರ ಮುಟ್ಟಿರಬೇಕು. ಬಾಡಿಗೆ ಕಾರಿಗೇ ನಾಲ್ಕು ಸಾವಿರ ಕೇಳಿದ್ದರು. ಊಟ ಅಂದರೆ ಪಾಲಕ್ ಗೋಜ್ಲೆಮೆ (ಒಳಗೆ ಪಾಲಕ್ ತುಂಬಿ ಬೇಯಿಸಿದ ತೆಳು ರೊಟ್ಟಿ), ಐರಾನ್ (ಉಪ್ಪಿನ ಮಜ್ಜಿಗೆ), ಮತ್ತೆ ಗೋಜ್ಲೆಮೆ. ಕತ್ತಲಾದ ಮೇಲೆ ಸಿದಿಮಾದಿಂದ ಹೆದ್ದಾರಿಗೆ ಹೇಗೆ ಇಳಿದೆ ಅಂತ ಗುಂಪಿನವರು ಇನ್ನೂ ಕೇಳುತ್ತಿದ್ದಾರೆ. ಅದನ್ನು ಹೇಳುವುದಿಲ್ಲ, ಮುಂದಿನ ವರ್ಷ ಮತ್ತೆ ಬೇಕು.